'ಸಣ್ಣಪುಟ್ಟ ಗಾಯ'ದ ನಂತರದ ತಿಂಗಳುಗಳು

ಮಾನ್ಯ ಸಂಪಾದಕರೇ,

ಮಳೆಗಾಲ ಹಿಡಿಯಿತೆಂದರೆ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ವಾರಕ್ಕೊಮ್ಮೆಯಾದರೂ ಕಾಣಿಸುವ ಒಂದು ವಾಕ್ಯವಿದೆ: 'ಬೈಕ್ ಸವಾರ ಸಣ್ಣಪುಟ್ಟ ಗಾಯಗಳೊಂದಿಗೆ ಪಾರಾಗಿದ್ದಾರೆ.' ವರದಿಗಾರರನ್ನು ದೂರುವುದಕ್ಕೆ ಇದನ್ನು ಬರೆಯುತ್ತಿಲ್ಲ. ಆ ಸಂಜೆ ಅವರಿಗೆ ತಿಳಿದಿರುವುದು ಅಷ್ಟೇ. ಎರಡು ವರ್ಷದ ಹಿಂದಿನ ಆಷಾಢದಲ್ಲಿ ಅಂಥದ್ದೇ ಒಂದು ವಾಕ್ಯದೊಳಗೆ ನಾನೂ ಸೇರಿಹೋಗಿದ್ದೆ. ಪತ್ರಿಕೆಯಲ್ಲಿ ಪೂರ್ಣವಿರಾಮ ಬಿದ್ದ ಮೇಲೆ ನನ್ನ ಮನೆಯಲ್ಲಿ ಏಳು ತಿಂಗಳು ನಡೆದದ್ದನ್ನು ಹೇಳಿದರೆ ಜಿಲ್ಲೆಯ ಬೇರೆ ಮನೆಗಳಿಗೂ ಉಪಯೋಗವಾದೀತು ಎಂದು ಈ ದೀರ್ಘ ಪತ್ರ ಬರೆಯುತ್ತಿದ್ದೇನೆ.

ಶಿರಸಿಯಲ್ಲಿ ನೆಂಟರ ಮನೆಯ ಕಾರ್ಯ ಮುಗಿಸಿ, ದೇವಿಮನೆ ಘಟ್ಟ ಇಳಿದು, ಕತಗಾಲ ದಾಟಿ ಕುಮಟೆಯ ಕಡೆ ಬರುತ್ತಿದ್ದೆ. ಗುಡ್ಡದ ಕೆಂಪು ಮಣ್ಣು ಮಳೆಗೆ ಇಳಿದು ಡಾಂಬರಿನ ಮೇಲೆ ಹರಡಿತ್ತು, ಸ್ಕೂಟರ್ ಜಾರಿತು. ಹೆಲ್ಮೆಟ್ ಇತ್ತು. ಬಿದ್ದದ್ದು ನನಗೆ ನೆನಪಿಲ್ಲ. ಎರಡು ಮೂರು ನಿಮಿಷ ಎಚ್ಚರವಿರಲಿಲ್ಲ ಎಂದು ಎತ್ತಿ ಕೂರಿಸಿದ ಪುಣ್ಯಾತ್ಮರು ಹೇಳಿದರು. ಅಲ್ಲಿಂದ ಆಸ್ಪತ್ರೆ ಸೇರುವವರೆಗಿನ ಸುಮಾರು ಒಂದು ಗಂಟೆ ನನ್ನ ಲೆಕ್ಕದಲ್ಲಿ ಇಂದಿಗೂ ಸಿಕ್ಕಿಲ್ಲ. ಸಿ.ಟಿ. ಸ್ಕ್ಯಾನ್ ಮಾಡಿದರು, ನಾರ್ಮಲ್ ಬಂತು. ಒಂದು ರಾತ್ರಿ ಇಟ್ಟುಕೊಂಡು, ಬೆಳಿಗ್ಗೆ 'ಏನೂ ಆಗಿಲ್ಲ, ಮನೆಗೆ ಹೋಗಿ ಆರಾಮಾಗಿರಿ' ಎಂದು ಕಳಿಸಿದರು. ಆ ಚಿಕಿತ್ಸೆಯಲ್ಲಿ ನನಗೆ ಇಂದಿಗೂ ಯಾವ ದೋಷವೂ ಕಾಣುವುದಿಲ್ಲ. ದೋಷವಿದ್ದದ್ದು 'ಏನೂ ಆಗಿಲ್ಲ' ಎಂಬ ಆ ಎರಡು ಶಬ್ದಗಳಲ್ಲಿ.

ವೈದ್ಯರ ಭಾಷೆಯಲ್ಲಿ ನನ್ನದು ತಲೆಯ ಲಘು ಗಾಯ. ಎಚ್ಚರ ತಪ್ಪಿದ ಅವಧಿ ಅರ್ಧ ಗಂಟೆಯನ್ನು ಮೀರಿರಬಾರದು, ನೆನಪು ಕಳಚಿದ ಅವಧಿ 24 ಗಂಟೆಯನ್ನು ಮೀರಿರಬಾರದು, ಕಣ್ಣು ತೆರೆಯುವುದು, ಮಾತನಾಡುವುದು, ಕೈಕಾಲು ಆಡಿಸುವುದು ಈ ಮೂರಕ್ಕೆ ಅಂಕ ಕೊಡುವ ಗ್ಲಾಸ್ಗೋ ಮಾಪನದಲ್ಲಿ 15ಕ್ಕೆ 13ರಿಂದ 15 ಬಂದಿರಬೇಕು. ಲಘು ಎಂಬುದರ ಅಳತೆ ಇಷ್ಟೇ. 1974ರಲ್ಲಿ ರೂಪುಗೊಂಡ ಆ ಮಾಪನ ಮೊದಲ ಗಂಟೆಗಳಲ್ಲಿ ಜೀವ ಉಳಿಸುವ ತೀರ್ಮಾನಕ್ಕೆ ಬಹಳ ಉಪಯುಕ್ತ. ಮುಂದಿನ ತಿಂಗಳುಗಳನ್ನು ಅಳೆಯುವುದಕ್ಕೆ ಅದನ್ನು ಮಾಡಿದ್ದಲ್ಲ. ಹಾಗೆಯೇ ಸಿ.ಟಿ. ಸ್ಕ್ಯಾನ್ ರಕ್ತಸ್ರಾವವನ್ನೂ ಬುರುಡೆಯ ಬಿರುಕನ್ನೂ ಚೆನ್ನಾಗಿ ತೋರಿಸುತ್ತದೆ. ಅಲುಗಿದ ನರಕೋಶಗಳೊಳಗೆ ಲವಣಗಳ ಸಮತೋಲ ತಪ್ಪಿ, ಅದನ್ನು ಸರಿಪಡಿಸಿಕೊಳ್ಳಲು ಕೋಶಗಳು ಶಕ್ತಿ ಸಾಲದೆ ಒದ್ದಾಡುವುದು ಅದರಲ್ಲಿ ಕಾಣುವುದಿಲ್ಲ.

ಮೊದಲ ವಾರ ತಲೆನೋವು, ವಾಕರಿಕೆ. ಎರಡನೆಯ ವಾರದಿಂದ ಒಂದೊಂದೇ ಸೇರಿಕೊಂಡವು. ಮಿಕ್ಸಿ ತಿರುಗಿದರೆ ಕಿವಿಯೊಳಗೆ ಮೊಳೆ ಹೊಡೆದಂತಾಗುತ್ತಿತ್ತು. ಪೇಟೆಯಲ್ಲಿ ನಡೆಯುವಾಗ ನೆಲ ಓಲಾಡುತ್ತಿತ್ತು. ಪತ್ರಿಕೆಯ ಎರಡು ಕಾಲಂ ಓದುವಷ್ಟರಲ್ಲಿ ಮೊದಲಿನದು ಮರೆಯುತ್ತಿತ್ತು. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ, ಮಕ್ಕಳೆದುರು ಒಮ್ಮೆಯೂ ಕೂಗಾಡದವನು ಹೆಂಡತಿಯ ಮೇಲೆ ತಟ್ಟೆ ಸದ್ದಾಯಿತೆಂದು ರೇಗಿದೆ. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ.

ನೋಡಲು ಬಂದವರು ಎರಡು ಪಂಗಡವಾದರು. ಒಂದು ಪಂಗಡದವರು, 'ಸ್ಕ್ಯಾನಿಂಗ್ ನಾರ್ಮಲ್ ಬಂದಿದೆಯಲ್ಲ ಮಾಸ್ತರೇ, ಸುಮ್ಮನೆ ಮನಸ್ಸಿಗೆ ಹಚ್ಚಿಕೊಂಡಿದ್ದೀರಿ' ಎಂದರು. ಇನ್ನೊಂದು ಪಂಗಡದವರು ದನಿ ತಗ್ಗಿಸಿ, ಮೆದುಳಿಗೆ ಪೆಟ್ಟು ಬಿದ್ದವರು ಮೊದಲಿನಂತೆ ಆಗುವುದು ಕಷ್ಟವೆಂದು, ತಮ್ಮ ಊರಿನಲ್ಲಿ ಹಾಗೆ ಹಾಳಾದವರ ಕಥೆಯನ್ನು ನನ್ನ ಹೆಂಡತಿಗೆ ಅಡುಗೆಮನೆಯಲ್ಲಿ ಹೇಳಿದರು. ಗೋಡೆಯ ಈಚೆ ನನಗೆ ಎಲ್ಲ ಕೇಳಿಸುತ್ತಿತ್ತು. ನಮ್ಮ ಕರಾವಳಿಯಲ್ಲಿ 'ಮಂಡೆ ಸಮ ಇಲ್ಲ' ಎಂಬ ಒಂದೇ ಮಾತು ತಲೆನೋವಿಗೂ ಹುಚ್ಚಿಗೂ ಸಾಲುತ್ತದೆ. ಹೀಗಾಗಿ ಯಾರು ಯಾವ ಅರ್ಥದಲ್ಲಿ ಹೇಳಿದರೆಂದು ತಿಳಿಯದೆ ನಾನೇ ಎರಡನ್ನೂ ನಂಬಿದೆ. ಹಗಲು ನನ್ನದು ನಾಟಕವೇನೋ ಎಂಬ ನಾಚಿಕೆ, ರಾತ್ರಿ ಮೆದುಳು ಕರಗುತ್ತಿದೆಯೇನೋ ಎಂಬ ದಿಗಿಲು. ವಿಶ್ರಾಂತಿಯೇ ಮದ್ದೆಂದು ಕಿಟಕಿ ಮುಚ್ಚಿದ ಕೋಣೆಯಲ್ಲಿ ಮೂರು ತಿಂಗಳು ಮಲಗಿದೆ. ತಲೆನೋವಿನ ಮಾತ್ರೆ ದಿನಕ್ಕೆರಡು ನುಂಗಿದೆ.

ಇದನ್ನು ಬಿಡಿಸಿ ಹೇಳಿದವರು ನನ್ನ ಹೆಂಡತಿಯ ಕಡೆಯ ಒಬ್ಬ ವೈದ್ಯರು. ನನ್ನ ತಲೆಯನ್ನು ಮುಟ್ಟುವ ಮೊದಲು ಅರ್ಧ ಗಂಟೆ ನನ್ನ ದಿನಚರಿ ಕೇಳಿದರು. ಆಮೇಲೆ ಅವರು ಹೇಳಿದ್ದರ ತಿರುಳು ಇದು: 'ನಿಮಗೆ ಪೆಟ್ಟಾದದ್ದು ನಿಜ, ಮೊದಲ ವಾರಗಳ ತೊಂದರೆ ಆ ಪೆಟ್ಟಿನದೇ. ಆದರೆ ಇವತ್ತಿನ ತೊಂದರೆ ಇನ್ನೂ ಆ ಪೆಟ್ಟಿನಿಂದಲೇ ನಡೆಯುತ್ತಿದೆ ಎಂದು ಭಾವಿಸಬೇಡಿ. ಬಚ್ಚಲೊಲೆಗೆ ಕಡ್ಡಿ ಗೀರಿದಿರಿ, ಆ ಕಡ್ಡಿ ಆಗಲೇ ಬೂದಿಯಾಯಿತು. ಈಗ ಒಲೆ ಉರಿಯುತ್ತಿರುವುದು ಆಮೇಲೆ ನೀವೆಲ್ಲ ಸೇರಿ ಒಟ್ಟಿದ ತೆಂಗಿನ ಸಿಪ್ಪೆಯಿಂದ.' ಸಿಪ್ಪೆ ಎಂದರೆ ಹೆದರಿಕೆ, ನಿದ್ದೆಗೇಡು, ಕತ್ತಲ ಕೋಣೆ, ಮಾತ್ರೆ, ಪ್ರತಿ ನೋವನ್ನೂ ಕಾದು ಕುಳಿತು ನೋಡುವ ಮನಸ್ಸು.

ಮೇಷ್ಟ್ರುಗಿರಿಯ ಚಟದಿಂದ, ನಂತರದ ತಿಂಗಳುಗಳಲ್ಲಿ ಇದರ ಬಗ್ಗೆ ಸಿಕ್ಕಿದ್ದನ್ನೆಲ್ಲ ದಿನಕ್ಕೆ ಹತ್ತು ಹತ್ತು ನಿಮಿಷದಂತೆ ಓದಿದೆ. 1992ರಲ್ಲಿ ಅಮೆರಿಕದ ಮನೋವಿಜ್ಞಾನಿ ವೈಲಿ ಮಿಟನ್‌ಬರ್ಗ್ ಮತ್ತು ಸಂಗಡಿಗರು ಪ್ರಕಟಿಸಿದ ಒಂದು ಅಧ್ಯಯನ ನನ್ನನ್ನು ಹಿಡಿದು ನಿಲ್ಲಿಸಿತು. ತಲೆಗೆ ಎಂದೂ ಪೆಟ್ಟಾಗದವರನ್ನು ಕರೆದು, ನಿಮಗೊಂದು ಅಪಘಾತವಾಗಿದೆ ಎಂದು ಕಲ್ಪಿಸಿಕೊಳ್ಳಿ, ಆರು ತಿಂಗಳ ಮೇಲೆ ಯಾವ ಯಾವ ತೊಂದರೆ ಇದ್ದೀತು ಎಂದು ಕೇಳಿದರೆ, ಅವರು ಗುರುತು ಹಾಕಿದ ಪಟ್ಟಿ ನಿಜವಾಗಿ ಪೆಟ್ಟಾದವರ ಪಟ್ಟಿಗೆ ಬಹುಮಟ್ಟಿಗೆ ಹೊಂದಿತು. ಅಂದರೆ ತಲೆಗೆ ಪೆಟ್ಟು ಬಿದ್ದರೆ ಏನಾಗಬೇಕು ಎಂಬ ಕಥೆ ಪೆಟ್ಟು ಬೀಳುವ ಮೊದಲೇ ನಮ್ಮೊಳಗೆ ಸಿದ್ಧವಾಗಿ ಕುಳಿತಿರುತ್ತದೆ. ಬಿದ್ದ ಮೇಲೆ ನಾವು ಆ ಕಥೆಗೆ ಸರಿಹೊಂದುವ ಒಂದೊಂದು ನೋವನ್ನೂ ಹೆಕ್ಕಿ ಲೆಕ್ಕಕ್ಕೆ ಹಿಡಿಯುತ್ತೇವೆ, ಹೊಂದದ ಒಳ್ಳೆಯ ದಿನಗಳನ್ನು ಬಿಟ್ಟುಬಿಡುತ್ತೇವೆ.

ಅದೇ ಅಧ್ಯಯನದ ಇನ್ನೊಂದು ಮಾತು ನನಗೆ ಹೆಚ್ಚು ನಾಟಿತು. ಪೆಟ್ಟಾದವರು ತಮಗೆ ಮೊದಲು ಇಂಥ ತೊಂದರೆ ಎಷ್ಟಿತ್ತೆಂದು ಹೇಳುವಾಗ, ಸಾಮಾನ್ಯ ಜನರಲ್ಲಿ ಇರುವುದಕ್ಕಿಂತಲೂ ಕಡಿಮೆ ಹೇಳುತ್ತಾರಂತೆ. ಅಪಘಾತದ ಹಿಂದಿನ ತಮ್ಮನ್ನು ಎಲ್ಲ ಬಗೆಯಲ್ಲೂ ಗಟ್ಟಿಮುಟ್ಟಾಗಿ ಚಿತ್ರಿಸಿಕೊಳ್ಳುತ್ತಾರಂತೆ. ನಾನು ಹಾಗಲ್ಲ ಎಂದು ಮೊದಲು ಅನಿಸಿತು. ನಮ್ಮ ಮನೆಯಲ್ಲಿ ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರಿನಲ್ಲಿ ನಾನು ಅಂಚಿನಲ್ಲಿ ಚಿಕ್ಕದಾಗಿ ಏನಾದರೂ ಗೀಚುವುದುಂಟು. ಹಳೆಯ ಕ್ಯಾಲೆಂಡರನ್ನು ಅಟ್ಟದಿಂದ ಇಳಿಸಿ ನೋಡಿದೆ. ಅಪಘಾತಕ್ಕೆ ಹಿಂದಿನ ಎರಡು ತಿಂಗಳಲ್ಲಿ 'ತ.ನೋ., ಮಾತ್ರೆ' ಎಂದು ಐದು ಸಲ ಬರೆದಿದ್ದೆ. 'ನಿದ್ದೆ ಇಲ್ಲ' ಎಂದು ಮೂರು ಸಲ. 'ಗ್ಯಾಸ್ ಬುಕ್ ಮಾಡಲು ಮರೆತೆ, ಮತ್ತೆ' ಎಂದು ಒಂದು ಸಲ. ಆ 'ಮತ್ತೆ' ಎಂಬ ಶಬ್ದ ನೋಡಿ ಹೆಂಡತಿ ಅಪಘಾತದ ನಂತರ ಮೊದಲ ಬಾರಿಗೆ ಮನಬಿಚ್ಚಿ ನಕ್ಕಳು. ನನ್ನ ಎಲ್ಲ ಮರೆವನ್ನೂ ಕತಗಾಲದ ತಿರುವಿನ ಲೆಕ್ಕಕ್ಕೆ ಹಾಕಿದ್ದೆ. ಅರ್ಧದಷ್ಟಾದರೂ ಅರವತ್ತೆರಡರ ವಯಸ್ಸಿನ ಲೆಕ್ಕಕ್ಕೆ ಸೇರಬೇಕಿತ್ತು.

ಆಸ್ಟ್ರೇಲಿಯಾದಲ್ಲಿ 2008ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಅಪಘಾತವಾದ ಮೊದಲ ಎರಡು ವಾರದೊಳಗೆ, ತಲೆಗೆ ಲಘು ಪೆಟ್ಟಾದವರನ್ನೂ ತಲೆಗೆ ಏನೂ ಆಗದೆ ಕೈಕಾಲು ಮುಂತಾದೆಡೆ ಗಾಯವಾದವರನ್ನೂ ಹೋಲಿಸಿದಾಗ ತಲೆಸುತ್ತು, ದಣಿವು, ಸಿಡುಕು, ಮರೆವುಗಳ ಈ ಗುಂಪು ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಕಂಡಿತು. ಯಾರಿಗೆ ಹೆಚ್ಚು ಎಂಬುದನ್ನು ತಲೆಯ ಪೆಟ್ಟು ಹೇಳಲಿಲ್ಲ. ಮೊದಲೇ ಇದ್ದ ಖಿನ್ನತೆ, ಆತಂಕಗಳು ಹೇಳಿದವು. ಇದನ್ನು ಓದಿ ಯಾರಾದರೂ 'ನೋಡಿ, ನಾವು ಹೇಳಲಿಲ್ಲವೇ, ಎಲ್ಲ ಮನಸ್ಸಿನದು' ಎಂದು ಗೆದ್ದವರಂತೆ ಹೇಳಿದರೆ ಅವರು ತಪ್ಪು ತಿಳಿದರು ಎನ್ನಬೇಕಾಗುತ್ತದೆ. ಮನಸ್ಸಿನದು ಎಂದರೆ ಸುಳ್ಳು ಎಂದಲ್ಲ. ಪರೀಕ್ಷೆಯ ಹಿಂದಿನ ದಿನ ಹೊಟ್ಟೆ ಕೆಡುವ ಹುಡುಗನ ಭೇದಿ ನಾಟಕವಲ್ಲ ಎಂದು ಯಾವ ಮೇಷ್ಟ್ರಿಗಾದರೂ ಗೊತ್ತು. ಹೆದರಿದ ಮೈಯಲ್ಲಿ ಕುತ್ತಿಗೆಯ ಸ್ನಾಯು ಬಿಗಿಯುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ನಿದ್ದೆ ಒಡೆಯುತ್ತದೆ. ನಿದ್ದೆಗೆಟ್ಟ ಮೆದುಳು ಮರೆಯುತ್ತದೆ, ಸಣ್ಣ ಸದ್ದಿಗೂ ಸಿಡಿಯುತ್ತದೆ. ಇದರಲ್ಲಿ ಕಲ್ಪನೆ ಯಾವುದಿದೆ?

ಈ ಜಗಳ ಹಳೆಯದು. ಇಂಗ್ಲೆಂಡಿನಲ್ಲಿ ರೈಲು ಅಪಘಾತಗಳಲ್ಲಿ ಮೈಮೇಲೆ ಗಾಯವಿಲ್ಲದೆ ಬದುಕಿ ಬಂದವರು ತಿಂಗಳಾನುಗಟ್ಟಲೆ ನರಳಿದಾಗ, ಜಾನ್ ಎರಿಕ್ಸನ್ ಎಂಬ ಶಸ್ತ್ರವೈದ್ಯರು 1866ರಲ್ಲಿ ಇದು ಬೆನ್ನುಹುರಿಗಾದ ಕಣ್ಣಿಗೆ ಕಾಣದ ಹಾನಿ ಎಂದರು. 1883ರಲ್ಲಿ ಹರ್ಬರ್ಟ್ ಪೇಜ್ ಎಂಬವರು ಅದು ಹೆದರಿಕೆಯ ಪರಿಣಾಮ ಎಂದು ವಾದಿಸಿದರು. ಪೇಜ್ ಅವರು ರೈಲ್ವೆ ಕಂಪನಿಯ ವೈದ್ಯರಾಗಿದ್ದರು ಎಂಬುದನ್ನು ಓದುಗರು ಗಮನದಲ್ಲಿಡಬೇಕು. 1961ರಲ್ಲಿ ನ್ಯೂಕಾಸಲ್‌ನ ನರತಜ್ಞ ಹೆನ್ರಿ ಮಿಲ್ಲರ್, ಪರಿಹಾರದ ಹಣ ಕೈಸೇರಿದ ಮೇಲೆ ಇಂಥವರ ಕಾಯಿಲೆ ವಾಸಿಯಾಗುತ್ತದೆ ಎಂಬರ್ಥದಲ್ಲಿ ಹೇಳಿದರು. ಆ ಮೇಲಿನ ದಶಕಗಳಲ್ಲಿ ಪರಿಹಾರ ಪಡೆದವರನ್ನು ಹಿಂಬಾಲಿಸಿ ನೋಡಿದ ಬೇರೆ ವೈದ್ಯರಿಗೆ, ಹಣ ಬಂದ ಮೇಲೂ ಅನೇಕರು ಕೆಲಸಕ್ಕೆ ಮರಳಿರಲಿಲ್ಲ ಎಂಬುದು ಕಂಡಿತು. ನಮ್ಮಲ್ಲಿ ಮಿಲ್ಲರ್ ಹೆಸರನ್ನು ಕೇಳದವರೂ ಅವರ ಮಾತನ್ನು ದಿನವೂ ಆಡುತ್ತಾರೆ. ಕೊನೆಕೊಯ್ಲಿನಲ್ಲಿ ಅಡಿಕೆ ಮರದಿಂದ ಜಾರಿ ಬಿದ್ದ ಕೊನೆಗೌಡರೊಬ್ಬರನ್ನು ನಾನು ಬಲ್ಲೆ. ಮೂಳೆ ಮುರಿಯಲಿಲ್ಲ, ಸ್ಕ್ಯಾನ್ ಸರಿಯಿತ್ತು. ಆದರೆ ಮರದ ಬುಡದಲ್ಲಿ ನಿಂತು ಮೇಲೆ ನೋಡಿದರೆ ಅವರಿಗೆ ಲೋಕವೆಲ್ಲ ತಿರುಗುತ್ತಿತ್ತು. ದುಡ್ಡಿನಾಸೆಗೆ ನಟಿಸುತ್ತಾನೆ ಎಂದು ತೋಟದವರು, ದುಡಿಯಲು ಮನಸ್ಸಿಲ್ಲವೆಂದು ಮನೆಯವರು. ಕೊನೆಗೆ ಕಿವಿ, ಮೂಗು, ಗಂಟಲಿನ ವೈದ್ಯರೊಬ್ಬರು ನೋಡಿದಾಗ, ಒಳಕಿವಿಯಲ್ಲಿ ಸಮತೋಲಕ್ಕಿರುವ ಸೂಕ್ಷ್ಮ ಸುಣ್ಣದ ಹರಳುಗಳು ಪೆಟ್ಟಿಗೆ ಕಳಚಿ ಜಾಗ ತಪ್ಪಿದ್ದವು. ತಲೆಯನ್ನು ಕ್ರಮವಾಗಿ ಹೊರಳಿಸಿ ಮಲಗಿಸಿ ಎಬ್ಬಿಸಿ, ಎರಡು ಭೇಟಿಯಲ್ಲಿ ಸರಿಮಾಡಿದರು. ಶಸ್ತ್ರಚಿಕಿತ್ಸೆಯಿಲ್ಲ, ಮಾತ್ರೆಯಿಲ್ಲ. ಹರಳು ಜಾಗಕ್ಕೆ ಬಂದರೂ ಮರ ಹತ್ತುವ ಧೈರ್ಯ ಬರಲು ಮತ್ತೊಂದು ಹಂಗಾಮು ಹಿಡಿಯಿತು. ಅವರೊಬ್ಬರಲ್ಲೇ ಎರಡೂ ಇದ್ದವು. ಯಾವುದು ದೇಹದ್ದು, ಯಾವುದು ಮನಸ್ಸಿನದು ಎಂದು ಗೆರೆ ಎಳೆಯುವ ಅವಸರದಲ್ಲಿ ವರ್ಷವೊಂದು ಹೋಯಿತು.

ಆದ್ದರಿಂದ ಮನಸ್ಸಿನ ಪಾತ್ರವನ್ನು ಹೇಳುವ ಮೊದಲು ದೇಹವನ್ನು ಸರಿಯಾಗಿ ನೋಡಿರಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ತಲೆನೋವು ಏರುತ್ತಲೇ ಹೋದರೆ, ಪದೇ ಪದೇ ವಾಂತಿಯಾದರೆ, ಎಬ್ಬಿಸಿದರೂ ಏಳದಷ್ಟು ಮಂಪರು ಬಂದರೆ, ಫಿಟ್ಸ್ ಬಂದರೆ, ಮಾತು ತೊದಲಿದರೆ, ಒಂದು ಕೈಕಾಲಿನ ಬಲ ಕುಂದಿದರೆ, ಕಿವಿ ಮೂಗಿನಿಂದ ನೀರಿನಂಥ ದ್ರವ ಇಳಿದರೆ, ಒಂದು ಗಳಿಗೆಯೂ ತಡಮಾಡದೆ 108ಕ್ಕೆ ಕರೆ ಮಾಡಬೇಕು. ವಯಸ್ಸಾದವರಲ್ಲಿ, ವಿಶೇಷವಾಗಿ ಹೃದಯದ ತೊಂದರೆಗೆ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ, ಮೊದಲ ಸ್ಕ್ಯಾನ್ ಸರಿಯಿದ್ದರೂ ಮೆದುಳಿನ ಹೊದಿಕೆಯ ಕೆಳಗೆ ನಿಧಾನವಾಗಿ ರಕ್ತ ಸೇರಿ, ವಾರಗಳ ಮೇಲೆ ಗೊಂದಲ, ನಡಿಗೆಯ ತಪ್ಪು ಕಾಣಿಸಿಕೊಳ್ಳುವುದುಂಟು. ಅಜ್ಜನಿಗೆ ಅರಳುಮರಳು ಎಂದು ಬಿಡುವಂತಿಲ್ಲ.

ನನ್ನ ವಿಷಯಕ್ಕೆ ಬಂದರೆ, ಚಿಕಿತ್ಸೆಯಲ್ಲಿ ಹೇಳಿಕೊಳ್ಳುವಂಥ ದೊಡ್ಡದೇನೂ ಇರಲಿಲ್ಲ. ಮೊದಲು ಕಿಟಕಿ ತೆಗೆಸಿದರು. ಒಂದೆರಡು ದಿನದ ವಿಶ್ರಾಂತಿ ಬೇಕು, ಅದರಾಚೆ ಮಲಗಿದಷ್ಟೂ ಕೆಡುಕು ಎಂಬುದು ಈಗಿನ ತಿಳಿವಳಿಕೆ. 2015ರಲ್ಲಿ ಅಮೆರಿಕದಲ್ಲಿ ಮಕ್ಕಳು ಮತ್ತು ಯುವಕರ ಮೇಲೆ ನಡೆದ ಒಂದು ಪ್ರಯೋಗದಲ್ಲಿ ಐದು ದಿನ ಕಟ್ಟುನಿಟ್ಟಾಗಿ ಮಲಗಿದವರು, ಒಂದೆರಡು ದಿನ ವಿಶ್ರಮಿಸಿ ಎದ್ದವರಿಗಿಂತ ಹೆಚ್ಚು ತೊಂದರೆ ಹೇಳಿಕೊಂಡರು. ನಾನು ಮಲಗಿದ್ದು ತೊಂಬತ್ತು ದಿನ. ಬೆಳಿಗ್ಗೆ ಹತ್ತು ನಿಮಿಷದ ನಡಿಗೆಯಿಂದ ಶುರುಮಾಡಿ, ವಾರಕ್ಕೆ ಐದು ನಿಮಿಷ ಹೆಚ್ಚಿಸಿದೆ. ತಲೆನೋವಿನ ಮಾತ್ರೆಯನ್ನು ತಿಂಗಳಲ್ಲಿ ಹದಿನೈದು ದಿನಕ್ಕೂ ಹೆಚ್ಚು ನುಂಗುತ್ತ ಬಂದರೆ ಮಾತ್ರೆಯೇ ತಲೆನೋವು ಹುಟ್ಟಿಸುತ್ತದೆ ಎಂದು ಹೇಳಿ ಅದನ್ನು ಬಿಡಿಸಿದರು. ಬಿಟ್ಟ ಮೊದಲ ಹತ್ತು ದಿನದ ನರಕವನ್ನು ಇಲ್ಲಿ ವರ್ಣಿಸುವುದಿಲ್ಲ. ಸ್ಕೂಟರಿನ ಸದ್ದಿಗೆ ಬೆಚ್ಚುವುದಕ್ಕೆ, ರಾತ್ರಿಯ ದಿಗಿಲಿಗೆ, ಮನೋರೋಗ ತಜ್ಞರ ಬಳಿ ನಾಲ್ಕು ಬಾರಿ ಕುಳಿತೆ. ಆ ಬಾಗಿಲ ಹೊರಗೆ ಹಳೆಯ ವಿದ್ಯಾರ್ಥಿಯೊಬ್ಬ ಎದುರಾದಾಗ, ಕಣ್ಣಿನ ಡಾಕ್ಟರಲ್ಲಿಗೆ ಬಂದಿದ್ದೆ ಎಂದು ಸುಳ್ಳು ಹೇಳಿದೆ. ಈಗಲೂ ಅದಕ್ಕೆ ನಾಚುತ್ತೇನೆ. ಏಳನೆಯ ತಿಂಗಳಿಗೆ, ಪೂರ್ತಿಯಾಗಿ ಅಲ್ಲದಿದ್ದರೂ, ರಾತ್ರಿ ಒಂದರವರೆಗೆ ಕುಳಿತು ಬಯಲಾಟ ನೋಡಿ ಬಂದೆ. ಚಂಡೆ ಬಿದ್ದಾಗ ತಲೆ ನೋಯಿತು, ಆದರೆ ಏಳಬೇಕೆನಿಸಲಿಲ್ಲ.

ಇಷ್ಟೆಲ್ಲ ಬರೆದದ್ದು ಒಂದು ಬೇಡಿಕೆಗಾಗಿ. ಮೆಲ್ಬೋರ್ನ್‌ನಲ್ಲಿ ಜೆನಿ ಪಾನ್ಸ್‌ಫರ್ಡ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪೆಟ್ಟಾದ ಮೊದಲ ವಾರದಲ್ಲೇ ಕರೆದು, ಯಾವ ತೊಂದರೆಗಳು ಬರಬಹುದು, ಹೇಗೆ ನಿಭಾಯಿಸಬೇಕು ಎಂಬ ಒಂದು ಪುಸ್ತಿಕೆಯನ್ನು ಕೊಟ್ಟು ಕಳಿಸಿದವರಿಗೆ ಮೂರು ತಿಂಗಳ ಹೊತ್ತಿಗೆ ತೊಂದರೆಯೂ ಕಡಿಮೆ, ಒತ್ತಡವೂ ಕಡಿಮೆ ಎಂದು ಕಂಡಿತು. ಒಂದು ಪುಸ್ತಿಕೆ, ಅಷ್ಟೇ! ಹನ್ನೆರಡು ತಾಲ್ಲೂಕುಗಳ ನಮ್ಮ ಜಿಲ್ಲೆಯಲ್ಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ವರ್ಷಗಳಿಂದ ಕೂಗು ಎದ್ದಿದೆ, ಅದು ನ್ಯಾಯವಾದದ್ದೇ. ಗಂಭೀರವಾಗಿ ಗಾಯಗೊಂಡವರನ್ನು ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವೆಗೋ ಒಯ್ಯುವ ದಾರಿಯ ಆತಂಕವನ್ನು ಇಲ್ಲಿಯವರಿಗೆ ವಿವರಿಸಬೇಕಿಲ್ಲ. ಆದರೆ ನನ್ನಂಥವರಿಗೆ ಬೇಕಾದದ್ದು ಕಟ್ಟಡವಲ್ಲ, ಡಿಸ್ಚಾರ್ಜ್ ಚೀಟಿಯ ಹಿಂಬದಿಯಲ್ಲಿ ಅಚ್ಚಾದ ಅರ್ಧ ಪುಟ ಕನ್ನಡ. ಕಾರವಾರದ ಕಡೆಗೆ ಕೊಂಕಣಿಯಲ್ಲೂ ಇರಲಿ. ಅದರಲ್ಲಿ 'ಏನೂ ಆಗಿಲ್ಲ' ಎಂದು ಬರೆಯದೆ, 'ತಲೆಗೆ ಲಘು ಪೆಟ್ಟಾಗಿದೆ. ಕೆಲವು ವಾರ ತಲೆನೋವು, ತಲೆಸುತ್ತು, ದಣಿವು, ಸಿಡುಕು, ಮರೆವು ಇರಬಹುದು. ಹೆಚ್ಚಿನವರಿಗೆ ಮೂರು ತಿಂಗಳೊಳಗೆ ಇಳಿಯುತ್ತದೆ. ಈ ಈ ಚಿಹ್ನೆ ಕಂಡರೆ ಕೂಡಲೇ ಬನ್ನಿ' ಎಂದಿರಲಿ. ಎರಡು ವಾರದ ಮೇಲೆ ಒಮ್ಮೆ ಬಂದು ತೋರಿಸಿ ಎಂಬ ದಿನಾಂಕವಿರಲಿ. ಮೂರು ತಿಂಗಳಾದರೂ ಇಳಿಯದಿದ್ದರೆ ಎಲ್ಲಿಗೆ ಹೋಗಬೇಕು ಎಂಬ ಸಾಲು ಇರಲಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಮ್ಮಲ್ಲಿದೆ, 2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತವಾಗಿ ಸಿಗುತ್ತಿದೆ, ಅದರಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಇದರ ಜೊತೆಗೆ ನಿಮ್ಮ ಪತ್ರಿಕೆಗೂ ಒಂದು ವಿನಂತಿ. ಅಪಘಾತದ ಸುದ್ದಿಯಲ್ಲಿ 'ಸಣ್ಣಪುಟ್ಟ ಗಾಯ' ಎಂದು ಬರೆಯುವಾಗ, ತಲೆಗೆ ಪೆಟ್ಟಾಗಿದ್ದರೆ ಅದನ್ನು ಹೆಸರಿಸಿ ಬರೆಯಬಹುದೇ? ಓದಿದ ನೆರೆಹೊರೆಯವರು 'ಪಾರಾದಿರಲ್ಲ' ಎಂದು ಅಭಿನಂದಿಸುವ ಮುಂಚೆ 'ನಿದ್ದೆ ಬರುತ್ತದೆಯೇ' ಎಂದು ಕೇಳಿಯಾರು.

ಮೇಲೆ ಹೇಳಿದ ಅರ್ಧ ಪುಟದ ಕರಡನ್ನು ನಾನು ಬರೆದಿಟ್ಟಿದ್ದೇನೆ. ನನ್ನಂಥ ವಿಜ್ಞಾನ ಮೇಷ್ಟ್ರು ಬರೆದದ್ದನ್ನು ಹಾಗೇ ಹಂಚುವುದು ತಪ್ಪಾಗುತ್ತದೆ. ನರರೋಗ ಮತ್ತು ಮನೋರೋಗ ವಿಭಾಗದ ವೈದ್ಯರು ಯಾರಾದರೂ ತಿದ್ದಿ ಒಪ್ಪಿಗೆ ಕೊಟ್ಟರೆ, ಕುಮಟಾ ತಾಲ್ಲೂಕಿನ ಮಟ್ಟಿಗೆ ಮೊದಲ ಸಾವಿರ ಪ್ರತಿಗಳ ಜೆರಾಕ್ಸ್ ಖರ್ಚು ನನ್ನದು. ಕರಡಿನ ಒಂದು ಪ್ರತಿಯನ್ನು ಈ ಪತ್ರದ ಜೊತೆ ಲಗತ್ತಿಸಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕ, ಕುಮಟಾ